ಗರಸು ಮಣ್ಣಿನ ಕೆಳಗೆ ಲಿಥಿಯಂ: ಥ್ಯಾಕರ್ ಪಾಸ್ ಜಗಳ ಯಾವುದರ ಬಗ್ಗೆ?

2025ರ ಸೆಪ್ಟೆಂಬರ್ ಕೊನೆಯಲ್ಲಿ ಅಮೆರಿಕದಿಂದ ಎರಡು ಸುದ್ದಿ ಒಟ್ಟಿಗೇ ಬಂದವು. ಎಲೆಕ್ಟ್ರಿಕ್ ಕಾರು ಕೊಳ್ಳುವವರಿಗೆ ಅಲ್ಲಿನ ಕೇಂದ್ರ ಸರ್ಕಾರ ಕೊಡುತ್ತಿದ್ದ 7,500 ಡಾಲರ್‌ವರೆಗಿನ ತೆರಿಗೆ ರಿಯಾಯಿತಿ 30ನೇ ತಾರೀಕಿಗೆ ಮುಗಿಯಿತು. ಅದೇ ಹೊತ್ತಿಗೆ ಅದೇ ಸರ್ಕಾರ, ಅಂಥ ಕಾರಿನ ಬ್ಯಾಟರಿಗೆ ಬೇಕಾದ ಲಿಥಿಯಂ ತೆಗೆಯುವ ಗಣಿಯೊಂದಕ್ಕೆ ಪಾಲುದಾರನಾಯಿತು. ಲಿಥಿಯಂ ಅಮೆರಿಕಾಸ್ ಎಂಬ ಕಂಪನಿಯಲ್ಲಿ ಶೇ 5, ಆ ಕಂಪನಿ ಜನರಲ್ ಮೋಟಾರ್ಸ್ ಜೊತೆ ಸೇರಿ ನಡೆಸುವ ಗಣಿ ಯೋಜನೆಯಲ್ಲಿ ಇನ್ನೊಂದು ಶೇ 5. ಸರ್ಕಾರ ಪಾಲು ಕೇಳುತ್ತಿದೆ ಎಂಬ ಸುದ್ದಿ ಹೊರಬಿದ್ದ ದಿನ ಕಂಪನಿಯ ಷೇರು ಹತ್ತಿರ ಹತ್ತಿರ ದುಪ್ಪಟ್ಟಾಯಿತು.

ಒಂದು ಕೈಯಲ್ಲಿ ಕಾರಿಗೆ ಕತ್ತರಿ, ಇನ್ನೊಂದು ಕೈಯಲ್ಲಿ ಬ್ಯಾಟರಿಗೆ ಬಂಡವಾಳ. ಓದಿದವರಿಗೆ ಗೊಂದಲವಾಗುವುದು ಸಹಜ ಅಲ್ವಾ?

ಗೊಂದಲ ಇಷ್ಟಕ್ಕೇ ನಿಲ್ಲುವುದಿಲ್ಲ. ಈ ಗಣಿಯನ್ನು ವಿರೋಧಿಸುವವರ ಸಾಲಿನಲ್ಲಿ ದನ ಸಾಕುವವರು, ಮೂಲನಿವಾಸಿಗಳು, ಪರಿಸರ ಸಂಘಟನೆಗಳು ಎಲ್ಲರೂ ಇದ್ದಾರೆ. ಬೇರೆ ದಿನಗಳಲ್ಲಿ ಇವರಲ್ಲೇ ಒಬ್ಬರಿಗೊಬ್ಬರು ಆಗಿಬರುವುದಿಲ್ಲ. ಹೊಗೆ ಇಲ್ಲದ ಕಾರು ಬೇಕು ಎನ್ನುವ ಪರಿಸರವಾದಿಗಳು ಆ ಕಾರಿನ ಗಣಿಯನ್ನು ಯಾಕೆ ಬೇಡ ಎನ್ನುತ್ತಾರೆ? ಉತ್ತರ ಹುಡುಕಲು ಲಿಥಿಯಂ ಬೆಲೆ ನೋಡಿದರೆ ಸಾಲದು. ಅದರ ಮೇಲೆ ಕೂತಿರುವ ಮಣ್ಣನ್ನು ನೋಡಬೇಕು. ಈ ಜಗಳದ ಬಹುಪಾಲು ಇರುವುದು ಆ ಒಂದೆರಡು ಅಡಿ ಗರಸು ಮಣ್ಣಿನಲ್ಲಿ.

ಎಲ್ಲಿದೆ, ಯಾರ ಜಾಗ

ನೆವಾಡಾ ರಾಜ್ಯದ ಉತ್ತರ ತುದಿಯಲ್ಲಿ ಹಂಬೋಲ್ಟ್ ಕೌಂಟಿ ಇದೆ. ಅಲ್ಲಿ ಎರಡು ಬೆಟ್ಟಸಾಲುಗಳ ನಡುವಿನ ಕಣಿವೆದಾರಿಯ ಹೆಸರು ಥ್ಯಾಕರ್ ಪಾಸ್. ಹತ್ತಿರದ ಊರು ಒರೊವಾಡಾ, ಬಹಳ ಚಿಕ್ಕದು. ಇಲ್ಲೊಂದು ತಮಾಷೆ ಇದೆ. ನಮ್ಮಲ್ಲಿ ರಾಜ್ಯಪಕ್ಷಿ, ರಾಜ್ಯಪುಷ್ಪ ಇರುವ ಹಾಗೆ ಅಮೆರಿಕದ ರಾಜ್ಯಗಳಿಗೆ ರಾಜ್ಯಮಣ್ಣು ಅಂತಲೂ ಒಂದಿದೆ. ನೆವಾಡಾದ ರಾಜ್ಯಮಣ್ಣಿನ ಹೆಸರು ಒರೊವಾಡಾ. ಗಾಳಿ ತಂದು ಸುರಿದ ಧೂಳು ಮತ್ತು ಜ್ವಾಲಾಮುಖಿ ಬೂದಿ ಸೇರಿ ಆದ ಮಣ್ಣು ಅದು. ರಾಜ್ಯಮಣ್ಣಿಗೆ ಹೆಸರು ಕೊಟ್ಟ ಊರಿನ ಪಕ್ಕದಲ್ಲೇ ಈಗ ಮಣ್ಣಿಗಾಗಿ ಜಗಳ.

ನೆವಾಡಾದ ಸುಮಾರು ಶೇ 80 ನೆಲ ಕೇಂದ್ರ ಸರ್ಕಾರದ್ದು. ಅದರಲ್ಲಿ ದೊಡ್ಡ ಪಾಲನ್ನು ನೋಡಿಕೊಳ್ಳುವುದು ಭೂ ನಿರ್ವಹಣಾ ಬ್ಯೂರೊ. ನಮ್ಮ ಗೋಮಾಳ ಅಥವಾ ಕಾವಲಿನ ಹಾಗೆ ಎಂದುಕೊಳ್ಳಬಹುದು, ಆದರೆ ಅಳತೆ ಬೇರೆ: ಆ ರಾಜ್ಯವೊಂದರಲ್ಲೇ ಬ್ಯೂರೊ ಕೈಯಲ್ಲಿ 4.8 ಕೋಟಿ ಎಕರೆ ಇದೆ, ಅಂದರೆ ಇಡೀ ಕರ್ನಾಟಕಕ್ಕಿಂತ ಸ್ವಲ್ಪ ಜಾಸ್ತಿ. ದನ ಸಾಕುವವರು ಪರವಾನಗಿ ಪಡೆದು ಅಲ್ಲಿ ಮೇಯಿಸುತ್ತಾರೆ. ಒಂದು ಹಸು ಮತ್ತು ಅದರ ಕರು ಒಂದು ತಿಂಗಳು ಮೇಯಲು 2025ರಲ್ಲಿ ಕೊಡಬೇಕಿದ್ದ ಶುಲ್ಕ 1.35 ಡಾಲರ್.

ಅದೇ ನೆಲದ ಮೇಲೆ ಇನ್ನೊಂದು ಹಳೆಯ ಕಾನೂನೂ ಓಡುತ್ತದೆ. 1872ರ ಗಣಿ ಕಾಯ್ದೆ. ಸರ್ಕಾರಿ ನೆಲದಲ್ಲಿ ಬೆಲೆಬಾಳುವ ಲೋಹದ ಅದಿರು ಕಂಡವರು ಹಕ್ಕು ಹೂಡಬಹುದು ಎನ್ನುತ್ತದೆ ಅದು. ತೆಗೆದ ಚಿನ್ನ, ತಾಮ್ರ, ಲಿಥಿಯಂಗೆ ಕೇಂದ್ರಕ್ಕೆ ಒಂದು ಪೈಸೆ ರಾಜಧನ ಕೊಡಬೇಕಿಲ್ಲ. ಕುದುರೆ ಗಾಡಿಯ ಕಾಲದ ಕಾಯ್ದೆ ಇವತ್ತಿನ ಬ್ಯಾಟರಿ ಗಣಿಯನ್ನು ಆಳುತ್ತಿದೆ. ಸರ್ಕಾರ ಈಗ ನೇರವಾಗಿ ಪಾಲನ್ನೇ ಕೇಳಿದ್ದನ್ನು ಈ ಹಿನ್ನೆಲೆಯಲ್ಲಿ ನೋಡಿದರೆ ಅಷ್ಟೇನೂ ವಿಚಿತ್ರ ಅನ್ನಿಸುವುದಿಲ್ಲ.

ಬೆಂಕಿ, ಕೆರೆ, ಜೇಡಿ

ಸುಮಾರು 1 ಕೋಟಿ 64 ಲಕ್ಷ ವರ್ಷಗಳ ಹಿಂದೆ ಇಲ್ಲೊಂದು ಭಾರಿ ಜ್ವಾಲಾಮುಖಿ ಸಿಡಿಯಿತು. ಒಳಗಿನ ಶಿಲಾರಸ ಹೊರಗೆ ಚಿಮ್ಮಿ ಹೊಟ್ಟೆ ಖಾಲಿಯಾದ ಮೇಲೆ ನೆಲದ ಚಾವಣಿ ಕುಸಿದು ದೊಡ್ಡ ಬೋಗುಣಿ ಉಳಿಯಿತು. ಇದಕ್ಕೆ ಮೆಕ್‌ಡರ್ಮಿಟ್ ಕಾಲ್ಡೆರಾ ಎಂದು ಹೆಸರು. ಉದ್ದ ಸುಮಾರು 45 ಕಿಲೋಮೀಟರ್, ಅಗಲ 35. ನೆವಾಡಾ ಮತ್ತು ಆರೆಗಾನ್ ಎರಡೂ ರಾಜ್ಯಗಳಲ್ಲಿ ಹರಡಿಕೊಂಡಿದೆ. ಈಗ ಅಮೆರಿಕದ ಯೆಲ್ಲೊಸ್ಟೋನ್ ಉದ್ಯಾನದ ಕೆಳಗೆ ಕುದಿಯುತ್ತಿರುವ ಬಿಸಿಚುಕ್ಕೆಯೇ (ಭೂಮಿಯ ಆಳದಿಂದ ಬಿಸಿ ಮೇಲೇಳುವ ಜಾಗ) ಆಗ ಇದರ ಕೆಳಗಿತ್ತು. ಮೇಲಿನ ಭೂಫಲಕ ಸರಿಯುತ್ತಾ ಹೋಗಿದೆ, ಅಷ್ಟೇ.

ಬೋಗುಣಿಯಲ್ಲಿ ನೀರು ನಿಂತು ಕೆರೆಯಾಯಿತು. ಹೊರಗೆ ಹರಿಯಲು ದಾರಿ ಇರಲಿಲ್ಲ. ಸುತ್ತಲಿನ ಬೂದಿಯಲ್ಲಿ, ಜ್ವಾಲಾಮುಖಿ ಗಾಜಿನ ಚೂರುಗಳಲ್ಲಿ ಇದ್ದ ಲಿಥಿಯಂ ನೀರಿನಲ್ಲಿ ಕರಗಿ ಕೆರೆಗೆ ಬಂತು. ಬಂದದ್ದು ಹೊರಗೆ ಹೋಗಲಿಲ್ಲ. ಕೆರೆಯ ತಳದ ಜೇಡಿ ಅದನ್ನು ಹಿಡಿದಿಟ್ಟುಕೊಂಡಿತು. ಆಮೇಲೆ ಕೆಳಗಿನಿಂದ ಶಿಲಾರಸ ಮತ್ತೆ ಉಬ್ಬಿ, ಬಿಸಿನೀರು ಜೇಡಿಯೊಳಗೆ ನುಗ್ಗಿ, ಒಂದು ಬಗೆಯ ಜೇಡಿಯನ್ನು ಇನ್ನೊಂದಾಗಿ ಮಾರ್ಪಡಿಸಿತು. ಮೊದಲ ಬಗೆಯಲ್ಲಿ ಲಿಥಿಯಂ ಶೇ 0.4ರ ಆಸುಪಾಸು. ಮಾರ್ಪಟ್ಟದ್ದರಲ್ಲಿ ಶೇ 1.3ರಿಂದ 2.4. ಇಡೀ ಕಾಲ್ಡೆರಾದಲ್ಲಿ 2ರಿಂದ 4 ಕೋಟಿ ಟನ್ ಲಿಥಿಯಂ ಇರಬಹುದೆಂದು 2023ರ ಒಂದು ಅಧ್ಯಯನ ಹೇಳಿತು. ಜಗತ್ತಿನ ಪತ್ರಿಕೆಗಳೆಲ್ಲ ಆ ಸಂಖ್ಯೆಯನ್ನು ಎತ್ತಿಕೊಂಡವು. ಅಧ್ಯಯನ ಬರೆದವರಲ್ಲಿ ಗಣಿ ಕಂಪನಿಯ ಭೂವಿಜ್ಞಾನಿಯೂ ಇದ್ದರು ಎಂಬ ಸಂಗತಿಯನ್ನು ಅಷ್ಟಾಗಿ ಎತ್ತಿಕೊಳ್ಳಲಿಲ್ಲ. ನೆಲದಲ್ಲಿ ಇರುವುದೆಲ್ಲ ತೆಗೆಯಲು ಸಿಗುವುದಿಲ್ಲ ಎನ್ನುವುದೂ ನೆನಪಿರಬೇಕು.

ಲಿಥಿಯಂ ಕಡಿಮೆ ಇರುವ ಆ ಮೊದಲ ಬಗೆಯ ಜೇಡಿಯ ಹೆಸರು ಸ್ಮೆಕ್ಟೈಟ್. ಉತ್ತರ ಕರ್ನಾಟಕದವರಿಗೆ ಇದರ ಪರಿಚಯ ಹೆಸರಿಲ್ಲದೆಯೇ ಇದೆ. ಎರೆ ಮಣ್ಣು ಬೇಸಿಗೆಯಲ್ಲಿ ಕಾಲು ಇಳಿಯುವಷ್ಟು ಬಿರುಕು ಬಿಡುವುದಕ್ಕೆ, ಮಳೆ ಬಿದ್ದರೆ ಉಬ್ಬಿ ಚಪ್ಪಲಿಗೆ ಮೆತ್ತಿಕೊಳ್ಳುವುದಕ್ಕೆ ಇದೇ ಗುಂಪಿನ ಜೇಡಿ ಕಾರಣ. ಎರೆಯೂ ಹುಟ್ಟಿದ್ದು ಜ್ವಾಲಾಮುಖಿ ಬಂಡೆಯಿಂದಲೇ. ಹಾಗಾದರೆ ವಿಜಯಪುರದ ಎರೆ ಹೊಲದಲ್ಲೂ ಲಿಥಿಯಂ ಇರಬೇಕಲ್ವಾ? ಇಲ್ಲ. ಲಿಥಿಯಂ ಶಿಲಾರಸ ತಣಿಯುವಾಗ ಕೊನೆಯವರೆಗೂ ದ್ರವದಲ್ಲೇ ಉಳಿದು, ಕೊನೆಗೆ ಹೆಪ್ಪುಗಟ್ಟುವ ರಯೊಲೈಟ್‌ನಂಥ ತಿಳಿಬಣ್ಣದ ಬಂಡೆ ಸೇರುವ ಧಾತು. ದಖ್ಖನ್ ಪ್ರಸ್ಥಭೂಮಿಯ ಲಾವಾ ಬಸಾಲ್ಟ್, ಕಪ್ಪು ಜಾತಿಯದು. ಅದರಲ್ಲಿ ಲಿಥಿಯಂ ಇದ್ದದ್ದೇ ಕಡಿಮೆ. ಇದ್ದಷ್ಟನ್ನು ಒಂದೆಡೆ ಕೂಡಿಡಲು ಬಾಯಿ ಮುಚ್ಚಿದ ಬೋಗುಣಿಯೂ ಇರಲಿಲ್ಲ. ಮಳೆ ಬಂದಾಗಲೆಲ್ಲ ಕರಗಿದ್ದು ಹೊಳೆ ಸೇರಿ ಸಮುದ್ರಕ್ಕೆ ಹೋಯಿತು.

ಮೇಲಿನ ಎರಡು ಅಡಿ

ಗಣಿಯವರ ಮಾತಿನಲ್ಲಿ ಅದಿರಿನ ಮೇಲಿರುವುದೆಲ್ಲ ಓವರ್‌ಬರ್ಡನ್. ಅಂದರೆ ಹೊರೆ. ಆ ಪದದಲ್ಲೇ ಅರ್ಧ ತೀರ್ಪು ಬಂದುಬಿಟ್ಟಿದೆ.

ಈ ಹೊರೆ ಹೇಗಿದೆ ನೋಡೋಣ. ಇಲ್ಲಿ ವರ್ಷಕ್ಕೆ ಬೀಳುವುದು 250ರಿಂದ 300 ಮಿಲಿಮೀಟರ್. ಚಳ್ಳಕೆರೆಯಲ್ಲಿ ಕೂಡ ಇದಕ್ಕಿಂತ ಜಾಸ್ತಿ ಮಳೆ ಬೀಳುತ್ತದೆ. ಅದೂ ಹೆಚ್ಚಿನ ಪಾಲು ಚಳಿಗಾಲದಲ್ಲಿ, ಹಿಮವಾಗಿ. ಬೇಸಿಗೆ ಪೂರ್ತಿ ಒಣ. ಹೀಗಾಗಿ ಗಿಡ ಬೆಳೆಯಬೇಕಾದ ಬಿಸಿಲಿನ ದಿನಗಳಲ್ಲಿ ನೀರಿಲ್ಲ, ನೀರಿರುವ ದಿನಗಳಲ್ಲಿ ಬಿಸಿಲಿಲ್ಲ. ಚಳಿಗಾಲದ ನೀರನ್ನು ಬೇಸಿಗೆವರೆಗೆ ಕಾಪಿಡುವ ಕೆಲಸ ಪೂರ್ತಿ ಮಣ್ಣಿನದು.

ಬೆಟ್ಟದ ಇಳಿಜಾರಿನ ಮಣ್ಣು ಗರಸು. ಮಣ್ಣಿನ ಗಾತ್ರದಲ್ಲಿ ಶೇ 15ಕ್ಕಿಂತ ಜಾಸ್ತಿ ಜಲ್ಲಿಚೂರು ಇದ್ದರೆ ಅಲ್ಲಿನ ಮಣ್ಣುತಜ್ಞರು ಅದನ್ನು ಗರಸು ಎಂದು ಕರೆಯುತ್ತಾರೆ. ಶೇ 35 ದಾಟಿದರೆ ತುಂಬಾ ಗರಸು, ಶೇ 60 ದಾಟಿದರೆ ಅತಿ ಗರಸು. ನೋಡಿದ ತಕ್ಷಣ ಇದು ಕೆಲಸಕ್ಕೆ ಬಾರದ ನೆಲ ಅನ್ನಿಸುತ್ತದೆ. ಒಂದು ಅರ್ಥದಲ್ಲಿ ನಿಜ. ಕಲ್ಲು ನೀರು ಹಿಡಿಯುವುದಿಲ್ಲ. ಅರ್ಧ ಕಲ್ಲಿರುವ ಒಂದು ಅಡಿ ಮಣ್ಣು ಅರ್ಧ ಅಡಿ ಮಣ್ಣಿನಷ್ಟು ನೀರನ್ನು ಮಾತ್ರ ಹಿಡಿದೀತು.

ಆದರೆ ಅದೇ ಕಾರಣಕ್ಕೆ ನೀರು ಬೇಗ ಕೆಳಗಿಳಿಯುತ್ತದೆ. ಕೆಳಗಿಳಿದ ನೀರನ್ನು ಬಿಸಿಲು ಸುಲಭಕ್ಕೆ ಹೀರಲಾರದು. ಮೇಲೆ ಹಾಸಿದ ಜಲ್ಲಿ ಹೊದಿಕೆಯಾಗುತ್ತದೆ. ಮಳೆಹನಿಯ ಪೆಟ್ಟು ಕಲ್ಲಿಗೆ ಬೀಳುತ್ತದೆ, ಮಣ್ಣಿಗಲ್ಲ. ಗಾಳಿ ಬೀಸಿದರೂ ಧೂಳು ಏಳುವುದಿಲ್ಲ. ಯಲಬುರ್ಗಾ, ಕುಷ್ಟಗಿ ಕಡೆ ರೈತರು ಹಣ ಖರ್ಚು ಮಾಡಿ ಎರೆ ಹೊಲಕ್ಕೆ ಉಸುಕು ಹಾಸುತ್ತಾರೆ, ಒಳಗಿನ ತೇವ ಉಳಿಯಲಿ ಅಂತ. ಇಲ್ಲಿ ಆ ಕೆಲಸವನ್ನು ಬೆಟ್ಟ ತಾನೇ ಮಾಡಿಕೊಂಡಿದೆ. ಸಮಯ ಮಾತ್ರ ಸಾವಿರಾರು ವರ್ಷ ಹಿಡಿದಿದೆ.

ಗಾಳಿ ಸಣ್ಣ ಮಣ್ಣನ್ನು ಹೊತ್ತೊಯ್ದು ಕಲ್ಲು ಉಳಿದಿದೆ ಎಂದು ಮೊದಲು ಎಲ್ಲರೂ ನಂಬಿದ್ದರು. ಮರುಭೂಮಿಯ ಲಾವಾ ನೆಲದಲ್ಲಿ ಅಗೆದು ನೋಡಿದಾಗ ಬಹಳ ಕಡೆ ನಡೆದದ್ದು ಉಲ್ಟಾ ಎಂದು ಗೊತ್ತಾಯಿತು. ಗಾಳಿ ಧೂಳನ್ನು ತಂದು ಸುರಿಯುತ್ತದೆ. ಧೂಳು ಕಲ್ಲುಗಳ ಸಂದಿಯಲ್ಲಿ ಇಳಿದು ಕೆಳಗೆ ಸೇರುತ್ತದೆ. ನೆನೆದು ಒಣಗುವಾಗಲೆಲ್ಲ ಮಣ್ಣು ಉಬ್ಬಿ ಕುಗ್ಗಿ ಕಲ್ಲನ್ನು ಮೇಲೆ ಮೇಲೆ ಎತ್ತುತ್ತದೆ. ಕಲ್ಲು ಒಂದು ರೀತಿಯಲ್ಲಿ ಮಣ್ಣಿನ ಮೇಲೆ ತೇಲುತ್ತಿರುತ್ತದೆ! ಈ ಜೋಡಣೆ ಒಮ್ಮೆ ಕೆಟ್ಟರೆ ಗುದ್ದಲಿ ಹಿಡಿದು ಮತ್ತೆ ಜೋಡಿಸಲಾಗುವುದಿಲ್ಲ.

ಇನ್ನೂ ಕೆಳಗೆ ಹೋದರೆ ಬೂದಿಯ ಗುಣ ಕಾಣುತ್ತದೆ. ಜ್ವಾಲಾಮುಖಿ ಗಾಜು ನಿಧಾನಕ್ಕೆ ಕರಗಿ ಸಿಲಿಕಾ ಬಿಡುತ್ತದೆ. ನೀರು ಅದನ್ನು ಕೆಳಗೆ ಒಯ್ಯುತ್ತದೆ. ನೀರಿನ ಓಟ ನಿಲ್ಲುವ ಆಳದಲ್ಲಿ ಸಿಲಿಕಾ ಕೂತು ಮಣ್ಣನ್ನು ಗಾರೆ ನೆಲದ ಹಾಗೆ ಗಟ್ಟಿ ಮಾಡುತ್ತದೆ. ಈ ಪದರ ಎಲ್ಲಿ ಎಷ್ಟು ಆಳದಲ್ಲಿದೆ ಎಂಬುದರ ಮೇಲೆ ಮೇಲೆ ಯಾವ ಗಿಡ ಬರುತ್ತದೆ ಅನ್ನುವುದು ನಿಂತಿದೆ. ಆಳ ಮಣ್ಣಿದ್ದಲ್ಲಿ ದೊಡ್ಡ ಸೇಜ್‌ಬ್ರಷ್ ಪೊದೆ. ಒಂದಡಿಯಲ್ಲೇ ಗಟ್ಟಿ ಪದರವೋ ಜೇಡಿಯೋ ಸಿಕ್ಕರೆ ಮೊಣಕಾಲೆತ್ತರದ ಗಿಡ್ಡ ಸೇಜ್‌ಬ್ರಷ್. ಹತ್ತು ಹೆಜ್ಜೆ ಆಚೀಚೆ ಹೋದರೆ ಮಣ್ಣೂ ಬೇರೆ, ಗಿಡವೂ ಬೇರೆ.

ಸೇಜ್‌ಬ್ರಷ್ ಅಂದರೆ ನಮಗೆ ದೂರದ ಹೆಸರು. ಆದರೆ ಅದು ನಮ್ಮ ದವನದ ಕುಲಕ್ಕೇ ಸೇರಿದ ಗಿಡ. ಅದೇ ಥರ ಬೂದುಹಸಿರು ಎಲೆ, ಅದೇ ಥರ ಮೂಗಿಗೆ ಹೊಡೆಯುವ ಘಮ. ಇದರ ಬೇರು ಎರಡು ಬಗೆ. ಮೇಲ್ಪದರದಲ್ಲಿ ಹರಡಿದ ಸಣ್ಣ ಬೇರು, ಆಳಕ್ಕಿಳಿದ ತಾಯಿಬೇರು. ರಾತ್ರಿ ಹೊತ್ತು ಆಳದ ನೀರನ್ನು ಎತ್ತಿ ಮೇಲಿನ ಒಣ ಮಣ್ಣಿಗೆ ಸ್ವಲ್ಪ ಬಿಡುತ್ತದೆ. ಹಾಗಾಗಿ ಪೊದೆಯ ಸುತ್ತ ಹುಲ್ಲೂ ಬದುಕುತ್ತದೆ. ಪೊದೆಗಳ ನಡುವಿನ ಬಯಲಲ್ಲಿ ಪಾಚಿ, ಕಲ್ಲುಹೂವು, ಕಣ್ಣಿಗೆ ಕಾಣದ ಜೀವಿಗಳು ಸೇರಿ ತೆಳ್ಳನೆಯ ಹೊರಪೊರೆ ಕಟ್ಟಿರುತ್ತವೆ. ಗಾಳಿಯ ಸಾರಜನಕ ಮಣ್ಣಿಗೆ ಸೇರುವುದರಲ್ಲಿ ಇದರ ಪಾಲೂ ಇದೆ. ದನದ ಗೊರಸು, ಲಾರಿಯ ಚಕ್ರ ಬಿದ್ದರೆ ಪುಡಿಪುಡಿ.

ಗಣಿ ಏನು ಮಾಡುತ್ತದೆ

ಮೊದಲು ಮೇಲ್ಮಣ್ಣನ್ನು ಕೆರೆದು ಒಂದು ಕಡೆ ಗುಡ್ಡೆ ಹಾಕುತ್ತಾರೆ. ಆಮೇಲೆ ಜೇಡಿಯನ್ನು ಅಗೆದು, ಒರಟು ಕಲ್ಲನ್ನು ಬೇರ್ಪಡಿಸಿ, ಸಲ್ಫ್ಯೂರಿಕ್ ಆಮ್ಲದಲ್ಲಿ ನೆನೆಸಿ ಲಿಥಿಯಂ ಕರಗಿಸುತ್ತಾರೆ. ಆಮ್ಲವನ್ನು ಸುಣ್ಣದಕಲ್ಲಿನಿಂದ ತಣಿಸಿ, ಬೇಡದ್ದನ್ನು ಹಂತ ಹಂತವಾಗಿ ತೆಗೆದು, ಕೊನೆಗೆ ಲಿಥಿಯಂ ಕಾರ್ಬೊನೇಟ್ ಎಂಬ ಬಿಳಿ ಪುಡಿ ಪಡೆಯುತ್ತಾರೆ. ಹಿಂಡಿದ ಜೇಡಿಯ ಗಸಿಯನ್ನು ಆದಷ್ಟು ಒಣಗಿಸಿ ರಾಶಿ ಮಾಡುತ್ತಾರೆ. ಆಮ್ಲವೂ ಅಲ್ಲೇ ತಯಾರು. ಹೊರಗಿನಿಂದ ಬರುವುದು ಗಂಧಕ.

ಮೊದಲ ಹಂತದಲ್ಲಿ ವರ್ಷಕ್ಕೆ 40,000 ಟನ್ ಲಿಥಿಯಂ ಕಾರ್ಬೊನೇಟ್ ಗುರಿ. ಇದು 8 ಲಕ್ಷ ಕಾರುಗಳಿಗೆ ಸಾಕು ಅಂತ ಕಂಪನಿಯ ಲೆಕ್ಕ. ಅಮೆರಿಕದಲ್ಲಿ ಬಹುಕಾಲದಿಂದ ನಡೆಯುತ್ತಿರುವ ಒಂದೇ ಒಂದು ಲಿಥಿಯಂ ಗಣಿ ನೆವಾಡಾದಲ್ಲೇ, ಸಿಲ್ವರ್ ಪೀಕ್‌ನಲ್ಲಿದೆ. 1960ರ ದಶಕದಿಂದ ಉಪ್ಪುನೀರು ಆವಿ ಮಾಡಿ ತೆಗೆಯುತ್ತಿದ್ದಾರೆ. ಅದರ ಉತ್ಪನ್ನ ಇದರ ಮುಂದೆ ಬಹಳ ಚಿಕ್ಕದು. ಹೊಸ ಗಣಿ ಕೆದಕುವ ನೆಲ ಸುಮಾರು 5,700 ಎಕರೆ. ಮೊದಲ ಹಂತಕ್ಕೆ ಬೇಕಾದ ನೀರು ವರ್ಷಕ್ಕೆ ಸುಮಾರು 320 ಕೋಟಿ ಲೀಟರ್. ನಮ್ಮ ಲೆಕ್ಕದಲ್ಲಿ ಟಿಎಂಸಿಯ ಹತ್ತನೇ ಒಂದು ಭಾಗಕ್ಕಿಂತ ತುಸು ಹೆಚ್ಚು. ಕಾವೇರಿಯ ಜಗಳ ನೋಡಿದವರಿಗೆ ಇದು ಏನೂ ಅಲ್ಲ ಅನ್ನಿಸಬಹುದು. ಆದರೆ ಈ ನೀರು ಬರಬೇಕಾದದ್ದು ಬಾವಿಯಿಂದ, 300 ಮಿಲಿಮೀಟರ್ ಮಳೆಯ ಊರಿನಲ್ಲಿ.

ಬೇಕು ಎನ್ನುವವರು

ಅವರ ವಾದ ಗಟ್ಟಿಯಾಗಿಯೇ ಇದೆ. ಜಗತ್ತಿನ ಲಿಥಿಯಂ ಶುದ್ಧೀಕರಣದ ಸುಮಾರು ಮೂರನೇ ಎರಡು ಭಾಗ ಚೀನಾದಲ್ಲಿ ನಡೆಯುತ್ತದೆ. ಕಾರಿಗಷ್ಟೇ ಅಲ್ಲ, ವಿದ್ಯುತ್ ಗ್ರಿಡ್ಡಿಗೆ, ಡ್ರೋನಿಗೆ, ಸೇನೆಯ ಸಲಕರಣೆಗೂ ಬ್ಯಾಟರಿ ಬೇಕು. ಕಾರಿಗೆ ಕತ್ತರಿ, ಬ್ಯಾಟರಿಗೆ ಬಂಡವಾಳ ಯಾಕೆ ಎಂಬ ಮೊದಲಿನ ಗೊಂದಲಕ್ಕೆ ಉತ್ತರ ಇಲ್ಲಿ ಸಿಗುತ್ತದೆ: ಈಗಿನ ಸರ್ಕಾರಕ್ಕೆ ಕಾರಿಗಿಂತ ಚೀನಾದ ಚಿಂತೆ ದೊಡ್ಡದು.

ದುಡ್ಡಿನ ಕಾರಣವೂ ಇದೆ. 2022ರ ಕೊನೆಯಲ್ಲಿ ಆಕಾಶ ಮುಟ್ಟಿದ್ದ ಲಿಥಿಯಂ ಬೆಲೆ ಮುಂದಿನ ಎರಡು ವರ್ಷಗಳಲ್ಲಿ ಶೇ 80ಕ್ಕೂ ಜಾಸ್ತಿ ಬಿತ್ತು. ಹಿಂದಿನ ಸರ್ಕಾರದ ಕಾಲದಲ್ಲಿ, 2024ರ ಅಕ್ಟೋಬರ್‌ನಲ್ಲಿ, ಇಂಧನ ಇಲಾಖೆ ಈ ಯೋಜನೆಗೆ 226 ಕೋಟಿ ಡಾಲರ್ ಸಾಲ ಒಪ್ಪಿಕೊಂಡಿತ್ತು. ಬೆಲೆ ಬಿದ್ದ ಮೇಲೆ ಸಾಲ ತೀರುತ್ತದೋ ಇಲ್ಲವೋ ಎಂಬ ಅನುಮಾನ ಹುಟ್ಟಿತು. ಹೊಸ ಸರ್ಕಾರ ಷರತ್ತು ಬದಲಿಸಿ, ಮೊದಲ ವರ್ಷಗಳ ಕಂತಿನ ಒಂದು ಪಾಲನ್ನು ಮುಂದೂಡಲು ಒಪ್ಪಿ, ಅದಕ್ಕೆ ಬದಲಾಗಿ ಪಾಲು ಕೇಳಿತು. ಅಂದರೆ ಸರ್ಕಾರ ಅಂಗಡಿಗೆ ಹೋಗಿ ಷೇರು ಕೊಂಡದ್ದಲ್ಲ. ಸಾಲ ಕೊಟ್ಟವನು ಭದ್ರತೆ ಕೇಳಿದ ಹಾಗೆ.

ಪರಿಸರದ ವಿಷಯದಲ್ಲೂ ಕಂಪನಿಗೆ ಹೇಳಲು ಮಾತಿದೆ. ಮೊದಲ ಯೋಜನೆ ಪಕ್ಕದಲ್ಲೇ ಉತ್ತರಕ್ಕಿರುವ ಮೊಂಟಾನಾ ಬೆಟ್ಟಗಳ ಮೇಲಿತ್ತು. ಅಲ್ಲಿ ಸೇಜ್ ಗ್ರೌಸ್ ಎಂಬ ಹಕ್ಕಿಯ ಒಳ್ಳೆಯ ನೆಲೆ ಇರುವುದರಿಂದ ಗಣಿಯನ್ನು ಕೆಳಗಿನ ಕಣಿವೆದಾರಿಗೆ ತಂದರು. ಅಗೆದ ಗುಂಡಿಯನ್ನು ಹಿಂದಿನಿಂದ ತುಂಬುತ್ತಾ ಬಂದು, ಮೇಲ್ಮಣ್ಣು ಹರಡಿ, ಬೀಜ ಬಿತ್ತುತ್ತೇವೆ ಅನ್ನುತ್ತಾರೆ.

ಬೇಡ ಎನ್ನುವವರು

ವಿರೋಧಿಗಳದು ಒಂದೇ ದನಿಯಲ್ಲ. ದನ ಸಾಕುವವರಿಗೆ ಬಾವಿಯ, ಬುಗ್ಗೆಯ ನೀರು ಇಳಿಯುವ ಭಯ. ಬೆಟ್ಟದ ಬುಗ್ಗೆ ಬತ್ತಿದರೆ ಮೇವಿದ್ದರೂ ದನ ಅಲ್ಲಿ ನಿಲ್ಲುವುದಿಲ್ಲ. ಪರಿಸರ ಸಂಘಟನೆಗಳು ಹೇಳುವುದು, ಅನುಮತಿಯ ಪರಿಶೀಲನೆ ಒಂದು ವರ್ಷದೊಳಗೆ ಅವಸರದಲ್ಲಿ ಮುಗಿಯಿತು ಅಂತ. 2021ರ ಜನವರಿ 15ರಂದು, ಒಂದು ಸರ್ಕಾರ ಇಳಿಯಲು ಐದು ದಿನ ಇರುವಾಗ, ಅನುಮತಿಗೆ ಸಹಿ ಬಿತ್ತು.

ಪೈಯೂಟ್ ಮೂಲನಿವಾಸಿಗಳ ಮಾತು ಇನ್ನೂ ಆಳದ್ದು. ಅವರು ಈ ಜಾಗವನ್ನು ಕರೆಯುವ ಹೆಸರಿನ ಅರ್ಥ ‘ಕೊಳೆತ ಚಂದ್ರ’. ಇಲ್ಲಿ ತಮ್ಮ ಹಿರಿಯರ ಕಗ್ಗೊಲೆ ನಡೆಯಿತು ಎಂಬ ನೆನಪು ಆ ಹೆಸರಿನಲ್ಲಿದೆ. 1865ರ ಸೆಪ್ಟೆಂಬರ್ 12ರಂದು ಸೈನಿಕರು ಈ ಸೀಮೆಯಲ್ಲಿ ಹೆಂಗಸರು, ಮಕ್ಕಳೆನ್ನದೆ ಕನಿಷ್ಠ 31 ಪೈಯೂಟರನ್ನು ಕೊಂದದ್ದು ದಾಖಲೆಯಲ್ಲೂ ಇದೆ. ಹಾಗಂತ ಎಲ್ಲ ಪೈಯೂಟರೂ ಒಂದೇ ಕಡೆ ಇಲ್ಲ. ಗಣಿಗೆ ಹತ್ತಿರದ ಫೋರ್ಟ್ ಮೆಕ್‌ಡರ್ಮಿಟ್ ಪಂಗಡ 2022ರಲ್ಲಿ ಕಂಪನಿಯ ಜೊತೆ ಒಪ್ಪಂದ ಮಾಡಿಕೊಂಡಿತು. ಅದೇ ಪಂಗಡದ ಕೆಲವರು ಗಣಿ ವಿರೋಧಿ ಗುಂಪು ಕಟ್ಟಿದ್ದಾರೆ. ಕೆಲಸ ಇಲ್ಲದ ಊರಿನಲ್ಲಿ ಈ ಒಡಕನ್ನು ಹೊರಗಿನವರು ಸುಮ್ನೆ ತೂಗಿಬಿಡುವುದು ಸರಿಯಲ್ಲ.

ನ್ಯಾಯಾಲಯದಲ್ಲಿ ಗೆದ್ದದ್ದು ಗಣಿ. 2023ರ ಫೆಬ್ರವರಿಯಲ್ಲಿ ಕೇಂದ್ರ ನ್ಯಾಯಾಲಯ ಕೆಲಸ ನಿಲ್ಲಿಸಲು ಒಪ್ಪಲಿಲ್ಲ. ಒಂದು ಪ್ರಶ್ನೆಯನ್ನು ಮಾತ್ರ ಬ್ಯೂರೊಗೆ ವಾಪಸ್ ಕಳಿಸಿತು. ಅದು ಸ್ವಾರಸ್ಯದ ಪ್ರಶ್ನೆ. 1872ರ ಕಾಯ್ದೆ ಅದಿರು ಇರುವ ನೆಲದ ಮೇಲೆ ಹಕ್ಕು ಕೊಡುತ್ತದೆ. ಅದಿರೇ ಇಲ್ಲದ ಪಕ್ಕದ ನೆಲದಲ್ಲಿ ಗಸಿ ಸುರಿಯುವ ಹಕ್ಕು ಎಲ್ಲಿಂದ ಬಂತು? ಮೇಲ್ಮನವಿಯೂ ಅದೇ ವರ್ಷದ ಜುಲೈನಲ್ಲಿ ಬಿದ್ದುಹೋಯಿತು. ಆ ವೇಳೆಗೆ ಬುಲ್ಡೋಜರ್ ಓಡಾಡಲು ಶುರುವಾಗಿ ತಿಂಗಳುಗಳಾಗಿದ್ದವು.

ಹಾಳಾಗಿದ್ದ ನೆಲ ಅಲ್ವಾ?

ಗಣಿ ಪರ ಇರುವವರು ಒಂದು ಅಡ್ಡಪ್ರಶ್ನೆ ಕೇಳುತ್ತಾರೆ. ಅದನ್ನು ತಳ್ಳಿಹಾಕಲಾಗದು. ಈ ಮೇವಿನ ನೆಲ ಗಣಿಗೆ ಮುಂಚೆಯೇ ಕೆಟ್ಟಿರಲಿಲ್ಲವೇ?

ಕೆಟ್ಟಿತ್ತು. 19ನೇ ಶತಮಾನದ ಕೊನೆಗೆ ಯುರೋಪ್–ಏಷ್ಯಾ ಕಡೆಯಿಂದ ಚೀಟ್‌ಗ್ರಾಸ್ ಎಂಬ ಹುಲ್ಲು ಬಂದು ಸೇರಿತು. ನಮ್ಮಲ್ಲಿ ಕಾಂಗ್ರೆಸ್ ಗಿಡ ಬಂದ ಹಾಗೆ. ದನ, ಕುರಿ ಅತಿಯಾಗಿ ಮೇಯ್ದು ಹೊರಪೊರೆ ಒಡೆದಿದ್ದ ನೆಲ ಅದಕ್ಕೆ ಹದವಾಗಿ ಸಿಕ್ಕಿತು. ಇದು ಚಳಿಗಾಲದಲ್ಲೇ ಬೇರು ಬಿಟ್ಟು, ಬೇರೆ ಹುಲ್ಲು ಏಳುವ ಮುಂಚೆ ನೀರು ಕುಡಿದು, ಜೂನ್ ಹೊತ್ತಿಗೆ ಒಣಗಿ ಸೌದೆಯಾಗುತ್ತದೆ. ಮೊದಲು ಪೊದೆಗಳ ನಡುವೆ ಬರಿನೆಲ ಇದ್ದುದರಿಂದ ಬೆಂಕಿ ಹತ್ತಿದರೂ ಹರಡುತ್ತಿರಲಿಲ್ಲ. ಈಗ ಆ ಸಂದಿಯೆಲ್ಲ ಚೀಟ್‌ಗ್ರಾಸ್. ಬೆಂಕಿ ಓಡುತ್ತದೆ. ಸುಟ್ಟ ದೊಡ್ಡ ಸೇಜ್‌ಬ್ರಷ್ ಬುಡದಿಂದ ಚಿಗುರುವುದಿಲ್ಲ, ಅದರ ಬೀಜ ದೂರಕ್ಕೂ ಹೋಗುವುದಿಲ್ಲ. ಚೀಟ್‌ಗ್ರಾಸ್ ಮಾತ್ರ ಮುಂದಿನ ವರ್ಷ ಮೊದಲಿಗಿಂತ ದಟ್ಟ. ಮತ್ತೆ ಬೆಂಕಿ.

ಇದೇ ಹಂಬೋಲ್ಟ್ ಕೌಂಟಿಯಲ್ಲಿ 2018ರ ಮಾರ್ಟಿನ್ ಬೆಂಕಿ ಸುಮಾರು 4.35 ಲಕ್ಷ ಎಕರೆ ಸುಟ್ಟಿತು. ಗಣಿ ಕೆದಕುವುದು 5,700 ಎಕರೆ. ಅಮೆರಿಕದ ಪಶ್ಚಿಮದಲ್ಲಿ ಒಟ್ಟು ವರ್ಷಕ್ಕೆ ಸುಮಾರು 13 ಲಕ್ಷ ಎಕರೆ ಒಳ್ಳೆಯ ಸೇಜ್‌ಬ್ರಷ್ ನೆಲ ಕೈತಪ್ಪುತ್ತಿದೆ ಎಂದು 2022ರಲ್ಲಿ ವಿಜ್ಞಾನಿಗಳು ಲೆಕ್ಕ ಕೊಟ್ಟರು. ಈ ಅಂಕಿಗಳನ್ನು ಪಕ್ಕ ಪಕ್ಕ ಇಟ್ಟರೆ ಗಣಿಯ ಪಾಲು ಕಡುಗೆಂಪು ಮೆಣಸಿನ ಕಣದಲ್ಲಿ ಒಂದು ಕಾಯಿ.

ಆದರೆ ಎಕರೆ ಲೆಕ್ಕ ಅರ್ಧ ಸತ್ಯ. ಬೆಂಕಿ ಗಿಡ ಸುಡುತ್ತದೆ, ಮಣ್ಣಿನ ಪದರಗಳು ಬಹುಪಾಲು ಇದ್ದಲ್ಲೇ ಇರುತ್ತವೆ. ಎತ್ತರದ, ತಂಪಾದ, ತೇವ ಉಳಿಯುವ ಇಳಿಜಾರಿನಲ್ಲಿ ಸುಟ್ಟ ಮೇಲೂ ಹಳೆಯ ಹುಲ್ಲು ತಿರುಗಿ ಬರುತ್ತದೆ. ಕೆಳಗಿನ ಬಿಸಿ, ಒಣ ಮಣ್ಣಿನಲ್ಲಿ ಬರುವುದು ಕಷ್ಟ. ಬೆಂಕಿಯ ನಂತರ ಎಲ್ಲಿ ಬೀಜ ಬಿತ್ತಬೇಕು, ಎಲ್ಲಿ ದುಡ್ಡು ಹಾಕಿ ಪ್ರಯೋಜನವಿಲ್ಲ ಎಂಬುದನ್ನು ಅಲ್ಲಿನ ಇಲಾಖೆಗಳು ಮಣ್ಣಿನ ತಾಪ ಮತ್ತು ತೇವ ನೋಡಿಯೇ ತೀರ್ಮಾನಿಸುತ್ತವೆ. ಗಣಿ ಪದರಗಳನ್ನೇ ಕಲಸಿಬಿಡುತ್ತದೆ. ಕಲ್ಲು ಮೇಲೆ, ಧೂಳು ಕೆಳಗೆ, ಅದರ ಕೆಳಗೆ ಜೇಡಿ, ಅದರ ಕೆಳಗೆ ಗಾರೆ ಎಂಬ ಕ್ರಮ ಹೋಗುತ್ತದೆ. ಹೀಗೆ ಕಲಸಿದ ನೆಲದಲ್ಲಿ ಮೊದಲು ಬಂದು ಕೂರುವ ಅತಿಥಿ ಯಾರು ಅಂದರೆ, ಮತ್ತೆ ಚೀಟ್‌ಗ್ರಾಸ್. ಹಾಳಾದ ನೆಲವನ್ನು ಅಗೆದರೆ ನಷ್ಟವಿಲ್ಲ ಎಂಬ ವಾದಕ್ಕೆ ಇಲ್ಲಿ ಕಾಲು ಕುಂಟುತ್ತದೆ.

ಹತ್ತು ಎಕರೆಯ ಗಿಡ

ಅದೇ ನೆವಾಡಾದಲ್ಲಿ ದಕ್ಷಿಣಕ್ಕೆ ರಯೊಲೈಟ್ ರಿಡ್ಜ್ ಎಂಬ ಇನ್ನೊಂದು ಲಿಥಿಯಂ ಯೋಜನೆ ಇದೆ. ಅಲ್ಲಿ ಟೀಮ್ಸ್ ಬಕ್‌ವೀಟ್ ಎಂಬ ಪುಟ್ಟ ಗಿಡ ಲಿಥಿಯಂ, ಬೋರಾನ್ ತುಂಬಿದ ಮಣ್ಣಿನಲ್ಲಿ, ಎಲ್ಲ ಸೇರಿ ಸುಮಾರು 10 ಎಕರೆಯಲ್ಲಿ ಮಾತ್ರ ಬೆಳೆಯುತ್ತದೆ. ಜಗತ್ತಿನಲ್ಲಿ ಬೇರೆಲ್ಲೂ ಇಲ್ಲ. ಬೇರೆ ಗಿಡಗಳಿಗೆ ವಿಷವಾಗುವ ಮಣ್ಣೇ ಇದಕ್ಕೆ ಮನೆ. 2022ರ ಡಿಸೆಂಬರ್‌ನಲ್ಲಿ ಇದನ್ನು ಅಳಿವಿನಂಚಿನ ಪಟ್ಟಿಗೆ ಸೇರಿಸಿದರು. 2024ರ ಅಕ್ಟೋಬರ್‌ನಲ್ಲಿ ಗಣಿಗೂ ಅನುಮತಿ ಕೊಟ್ಟರು. ಗಿಡಗಳನ್ನು ನೇರವಾಗಿ ಕೀಳದೆ ಪಕ್ಕದಲ್ಲಿ ಅಗೆಯುವ ಯೋಜನೆ ಅದು. ಪಕ್ಕ ಎಂದರೆ ಎಷ್ಟು ಪಕ್ಕ ಎಂಬುದೇ ಈಗಿನ ವಾದ.

ಮುಂದೇನಾಗಬಹುದು

ಥ್ಯಾಕರ್ ಪಾಸ್ ಕಾರ್ಖಾನೆಯ ಕಟ್ಟಡ, ಯಂತ್ರಗಳ ಕೆಲಸ 2027ರ ಕೊನೆಗೆ ಮುಗಿಸುವುದು ಕಂಪನಿಯ ಗುರಿ. ಜೇಡಿಯಿಂದ ಇಷ್ಟು ದೊಡ್ಡ ಮಟ್ಟದಲ್ಲಿ ಲಿಥಿಯಂ ತೆಗೆದ ಅನುಭವ ಅಮೆರಿಕದಲ್ಲಿ ಯಾರಿಗೂ ಇಲ್ಲ. ಕೆಲಸ ಕೈಹಿಡಿದರೆ ಕಾಲ್ಡೆರಾದ ಉಳಿದ ಭಾಗಕ್ಕೂ ಗಣಿ ಹರಡುವುದು ಖಂಡಿತ. ಆರೆಗಾನ್ ಕಡೆ ಬೇರೊಂದು ಕಂಪನಿಯ ಪರಿಶೋಧನೆ ಆಗಲೇ ನಡೆದಿದೆ. ಆಗ 5,700 ಎಕರೆ ಚಿಕ್ಕದು ಎಂಬ ಮಾತು ಉಳಿಯುವುದಿಲ್ಲ. ಕೈಕೊಟ್ಟರೆ ಸಾಲ, ಪಾಲು ಎರಡೂ ಸರ್ಕಾರದ ತಲೆಗೆ, ಅಂದರೆ ತೆರಿಗೆ ಕಟ್ಟುವವರ ತಲೆಗೆ. ಇನ್ನೊಂದು ತೊಡಕೂ ಇದೆ. ಅನುಮತಿ ಕೊಡುವವನೂ, ಕಣ್ಣಿಡುವವನೂ, ಲಾಭದಲ್ಲಿ ಪಾಲು ಪಡೆಯುವವನೂ ಒಬ್ಬನೇ ಆದರೆ, ನೀರು ಇಳಿದಿದೆ ಎಂದು ದೂರು ತಂದ ದನಗಾರನ ಮಾತನ್ನು ಯಾರು ಕೇಳುತ್ತಾರೆ?

ನಮಗೂ ಇದರಲ್ಲಿ ಒಂದು ಎಳೆ ಇದೆ. ಮಂಡ್ಯದ ಮರ್ಲಗಾಲ–ಅಲ್ಲಾಪಟ್ಟಣದಲ್ಲಿ 1,600 ಟನ್ ಲಿಥಿಯಂ ಅಂದಾಜು ಎಂದು 2021ರಲ್ಲಿ ಹೇಳಿದಾಗ ಬಹಳ ಸದ್ದಾಯಿತು. ಅದು ಗಟ್ಟಿ ಬಂಡೆಯ ಲಿಥಿಯಂ, ಥ್ಯಾಕರ್ ಪಾಸ್ ಪಾಠ ಅಲ್ಲಿಗೆ ಅಷ್ಟಾಗಿ ಹೊಂದುವುದಿಲ್ಲ. ಹೊಂದುವುದು ಜಮ್ಮುವಿನ ರಿಯಾಸಿಗೆ. 2023ರಲ್ಲಿ ಅಲ್ಲಿ 59 ಲಕ್ಷ ಟನ್ ಎಂದು ಘೋಷಣೆಯಾಯಿತು. ಅದು ಅದಿರಿನ ತೂಕ, ಲೋಹದ್ದಲ್ಲ. ಬಹಳಷ್ಟು ವರದಿಗಳು ಎರಡನ್ನೂ ಕಲಸಿಬಿಟ್ಟವು. ಅಲ್ಲಿಯದೂ ಜೇಡಿಗೆ ಅಂಟಿದ ಲಿಥಿಯಂ. ಹರಾಜಿಗೆ ಸಾಕಷ್ಟು ಜನ ಬರದೆ 2024ರಲ್ಲಿ ರದ್ದಾಯಿತು. ಜೇಡಿಯಿಂದ ಲಾಭಕ್ಕೆ ಲಿಥಿಯಂ ತೆಗೆಯಬಹುದೆಂದು ನೆವಾಡಾ ತೋರಿಸಿಕೊಟ್ಟರೆ ಆ ಹರಾಜಿಗೆ ಮತ್ತೆ ಜೀವ ಬರಬಹುದು.

ಮಣ್ಣಿನ ವಿಷಯಕ್ಕೆ ಬಂದರೆ, ನೋಡಬೇಕಾದದ್ದು ಆ ಮೇಲ್ಮಣ್ಣಿನ ಗುಡ್ಡೆಗಳನ್ನು. ಅನುಮತಿಯ ಲೆಕ್ಕದಲ್ಲಿ ಗಣಿಯ ಆಯುಸ್ಸು 41 ವರ್ಷ. 2025ರ ಹೊಸ ವರದಿಯಲ್ಲಿ ಕಂಪನಿ ಅದನ್ನು 85 ಎಂದಿದೆ. ಗುಂಡಿ ತುಂಬುತ್ತಾ ಹೋದಂತೆ ಗುಡ್ಡೆಯ ಒಂದಷ್ಟು ಪಾಲು ಬೇಗ ವಾಪಸ್ ಹೋಗಬಹುದು, ಉಳಿದದ್ದು ದಶಕಗಟ್ಟಲೆ ಕಾಯಬೇಕು. ಗುಡ್ಡೆಯ ಒಳಗೆ ಗಾಳಿಯಾಡದೆ ಸೂಕ್ಷ್ಮಜೀವಿಗಳು ಕಡಿಮೆಯಾಗುತ್ತವೆ. ಸೇಜ್‌ಬ್ರಷ್ ಬೀಜ ಮಣ್ಣಿನಲ್ಲಿ ಒಂದೆರಡು ವರ್ಷಕ್ಕಿಂತ ಹೆಚ್ಚು ಬದುಕುವುದು ಅಪರೂಪ.